ನಿಮ್ಮ ಕೈಕೆಲಸ ಮೊಬೈಲ್ ಕೊಲಾಜ್‌ನಲ್ಲಿ ಸರಿಯಾಗಿ ಕಾಣಬೇಕಾದರೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕಸೂತಿ, ಸೀರೆ ಕುಚ್ಚು, ಆರಿ ಕೆಲಸ, ಕ್ರೋಶಾ, ರಂಗೋಲಿ ಮಾಡುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಕೆಲಸ ಕಣ್ಣೆದುರು ಚೆನ್ನಾಗಿದೆ, ಫೋಟೋಗಳೂ ಪರವಾಗಿಲ್ಲ. ಹಲವು ಫೋಟೋ ಸೇರಿಸಿ ಒಂದೇ ಚಿತ್ರವಾಗಿ ಕೊಲಾಜ್ ಮಾಡಿ ಸ್ಟೇಟಸ್‌ಗೆ ಹಾಕಿದ ಕೂಡಲೇ ಏನೂ ಕಾಣುವುದಿಲ್ಲ. ಯಾವ ಆ್ಯಪ್ ಒಳ್ಳೆಯದು?’ ಉತ್ತರವಾಗಿ ಒಂದು ಆ್ಯಪ್‌ನ ಹೆಸರು ಹೇಳಿದರೆ ಅದನ್ನು ಇಳಿಸಿಕೊಳ್ಳುತ್ತಾರೆ, ಮತ್ತೆ ಅದೇ ಮಸುಕು ಚಿತ್ರ ಬರುತ್ತದೆ, ಮತ್ತೆ ಅದೇ ಪ್ರಶ್ನೆ.

ಹೆಚ್ಚಿನ ಸಂದರ್ಭಗಳಲ್ಲಿ ತೊಂದರೆ ಇರುವುದು ಆ್ಯಪ್‌ನಲ್ಲಲ್ಲ, ಕೆಲಸದ ಕ್ರಮದಲ್ಲಿ. ಮೊದಲು ಆ್ಯಪ್ ತೆರೆದು, ಚೆಂದದ ಟೆಂಪ್ಲೇಟ್ ಆರಿಸಿ, ಗ್ಯಾಲರಿಯಲ್ಲಿ ಸಿಕ್ಕ ಫೋಟೋಗಳನ್ನು ಅದರೊಳಗೆ ತುರುಕುವುದು ತಿರುಗುಮುರುಗಾದ ದಾರಿ. ಒಳ್ಳೆಯ ಕೊಲಾಜ್‌ನ ಮುಕ್ಕಾಲು ಪಾಲು ಕೆಲಸ ಆ್ಯಪ್ ತೆರೆಯುವ ಮೊದಲೇ ಮುಗಿದಿರಬೇಕು. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ಉದಾಹರಣೆಗೆ ಕಸೂತಿಯನ್ನು ಇಟ್ಟುಕೊಂಡಿದ್ದೇನೆ, ಏಕೆಂದರೆ ಅಷ್ಟು ಸಣ್ಣ ಹೊಲಿಗೆಯನ್ನು ಸರಿಯಾಗಿ ತೋರಿಸಲು ಕಲಿತವರಿಗೆ ಉಳಿದದ್ದೆಲ್ಲ ಸುಲಭ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಫೋನ್, ಲೆನ್ಸ್ ಒರೆಸಲು ಮೆತ್ತನೆಯ ಹತ್ತಿ ಬಟ್ಟೆ, ಎರಡು ಬಿಳಿ ಡ್ರಾಯಿಂಗ್ ಹಾಳೆ, ದರ್ಜಿಯ ಟೇಪು, ನಾಲ್ಕಾರು ಗುಂಡುಪಿನ್, ಒಂದು ತುಂಡು ಕಾಗದ ಮತ್ತು ಪೆನ್ಸಿಲ್. ನೇರ ಬಿಸಿಲು ಬೀಳದ ಒಂದು ಕಿಟಕಿ. ಇಷ್ಟು ಸಾಕು. ರಿಂಗ್ ಲೈಟ್, ಟ್ರೈಪಾಡ್ ಇದ್ದರೆ ಇರಲಿ, ಇಲ್ಲದಿದ್ದರೆ ಅದಕ್ಕಾಗಿ ದುಡ್ಡು ಹಾಕಬೇಡಿ.

ಆ್ಯಪ್‌ನ ಮಾತು ಐದನೆಯ ಹಂತದಲ್ಲಿ ಬರುತ್ತದೆ.

## ಹಂತ 1: ಈ ಕೊಲಾಜ್ ಯಾವ ಪ್ರಶ್ನೆಗೆ ಉತ್ತರ?

ಕಾಗದದ ಮೇಲೆ ಒಂದೇ ಸಾಲು ಬರೆಯಿರಿ: ನೋಡುವವರಿಗೆ ಏನು ತಿಳಿಯಬೇಕು? ‘ಇದು ಯಂತ್ರದ್ದಲ್ಲ, ಕೈಯದು’ ಎಂದು ತಿಳಿಯಬೇಕೇ? ‘ಇದನ್ನು ಹೀಗೆ ಹೀಗೆ ಮಾಡಿದೆ’ ಎಂದು ತಿಳಿಯಬೇಕೇ? ‘ಇದೇ ಕುಚ್ಚು ಬೇರೆ ಬೇರೆ ಬಣ್ಣಗಳಲ್ಲಿ ಸಿಗುತ್ತದೆ’ ಎಂದೇ?

ಒಂದು ಕೊಲಾಜ್ ಒಂದು ಪ್ರಶ್ನೆಗೆ ಮಾತ್ರ ಉತ್ತರಿಸಬಲ್ಲದು. ಮೂರೂ ಬೇಕೆನಿಸಿದರೆ ಮೂರು ಕೊಲಾಜ್ ಮಾಡಿ. ಸಿದ್ಧವಾದ ಸೀರೆ, ಅದನ್ನು ಉಟ್ಟ ಮಗಳು, ದಾರದ ಉಂಡೆ, ಬೆಲೆ, ಫೋನ್ ಸಂಖ್ಯೆ, ಹಬ್ಬದ ಶುಭಾಶಯ ಎಲ್ಲವೂ ಒಂದೇ ಚಿತ್ರದಲ್ಲಿ ತುಂಬಿಕೊಂಡಾಗ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ನಿಲ್ಲದ ಕಣ್ಣು ಹೊಲಿಗೆಯನ್ನು ನೋಡುವುದಿಲ್ಲ.

## ಹಂತ 2: ಫೋಟೋಗಳ ಪಟ್ಟಿ, ಸೂಜಿ ಹಿಡಿಯುವ ಮೊದಲೇ

ಬಹಳ ಮಂದಿ ಸೋಲುವುದು ಇಲ್ಲಿ. ಕೆಲಸ ಮುಗಿದ ಮೇಲೆ ‘ಹಂತಗಳ ಕೊಲಾಜ್ ಮಾಡೋಣ’ ಎಂದು ಕುಳಿತರೆ ಹಂತಗಳ ಫೋಟೋ ಇರುವುದಿಲ್ಲ.

ಕಸೂತಿಯ ಗವಂತಿ ಹೊಲಿಗೆಯನ್ನೇ ತೆಗೆದುಕೊಳ್ಳಿ. ಬಟ್ಟೆಯ ಎಳೆ ಎಣಿಸುತ್ತ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ, ಗೆರೆ ತುಂಡು ತುಂಡಾಗಿ ಕಾಣುತ್ತದೆ. ಅದೇ ದಾರದಲ್ಲಿ ಹಿಂದಿರುಗುವಾಗ ನಡುವಿನ ಖಾಲಿ ಜಾಗಗಳು ತುಂಬಿ ಗೆರೆ ಪೂರ್ತಿಯಾಗುತ್ತದೆ. ಆ ಅರ್ಧ ಗೆರೆಯ ಸ್ಥಿತಿಯೇ ನೋಡುವವರಿಗೆ ಇಡೀ ಕಲೆಯ ಗುಟ್ಟನ್ನು ಹೇಳುವ ಚಿತ್ರ. ಒಮ್ಮೆ ಹಿಂದಿರುಗಿ ಬಂದರೆ ಆ ಚಿತ್ರ ಮತ್ತೆ ಸಿಗುವುದಿಲ್ಲ. ರಂಗೋಲಿಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಯದ ಸ್ಥಿತಿ, ಕುಚ್ಚಿನಲ್ಲಿ ಎಳೆಗಳನ್ನು ಗಂಟು ಹಾಕುವ ಮೊದಲಿನ ಸ್ಥಿತಿ ಇಂಥವೇ.

ಆದ್ದರಿಂದ ಕೆಲಸ ಶುರು ಮಾಡುವಾಗಲೇ ಪಟ್ಟಿ ಬರೆದು ಎದುರಿಗೆ ಅಂಟಿಸಿಕೊಳ್ಳಿ. ಕಸೂತಿಗೆ ನನ್ನ ಪಟ್ಟಿ ಹೀಗಿರುತ್ತದೆ:

- ಗ್ರಾಫ್ ಹಾಳೆಯ ಮೇಲಿನ ನಕ್ಷೆ
- ಸೂಜಿ ಬಟ್ಟೆಯಲ್ಲಿರುವಾಗಲೇ ಅರ್ಧ ಗೆರೆ
- ಪೂರ್ತಿಯಾದ ಒಂದು ಗೋಪುರ ಅಥವಾ ನವಿಲಿನ ಚಿತ್ತಾರ, ಪಕ್ಕದಲ್ಲಿ ಟೇಪು
- ಅದೇ ಜಾಗದ ಹಿಂಬದಿ
- ಇಡೀ ಸೆರಗು ಅಥವಾ ಇಡೀ ತುಣುಕು

ನಾಲ್ಕನೆಯದನ್ನು ಎಂದಿಗೂ ಬಿಡಬೇಡಿ. ಗವಂತಿ ಮತ್ತು ಮೆಟ್ಟಿಲಿನಂತೆ ಸಾಗುವ ಮುರ್ಗಿ ಹೊಲಿಗೆಗಳು ಮುಂಬದಿ, ಹಿಂಬದಿ ಎರಡರಲ್ಲೂ ಒಂದೇ ರೀತಿ ಕಾಣುತ್ತವೆ. ಗಂಟು ಹಾಕುವುದಿಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ಮರೆಸುತ್ತಾರೆ. ಯಂತ್ರದ ಕಸೂತಿಯ ಹಿಂಬದಿಯಲ್ಲಿ ಕೆಳದಾರದ ಬಿಳಿ ಎಳೆಗಳೋ ಅಂಟಿಸಿದ ಹಾಳೆಯೋ ಸಾಮಾನ್ಯವಾಗಿ ಕಾಣುತ್ತದೆ. ‘ಕೈಯಿಂದ ಮಾಡಿದ್ದು’ ಎಂದು ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದರೂ ಹಿಂಬದಿಯ ಒಂದು ಫೋಟೋಕ್ಕೆ ಸಮವಾಗದು. ನೇಯ್ದಂತೆ ಕಾಣುವ ನೇಗಿ ಮತ್ತು ಗುಣಾಕಾರದ ಗುರುತಿನಂಥ ಮೆಂತೆ ಹೊಲಿಗೆಗಳ ಹಿಂಬದಿ ಮುಂಬದಿಯಂತಿರುವುದಿಲ್ಲ. ಅದನ್ನೂ ಹಾಗೆಯೇ ತೋರಿಸಿ, ಅಡಿಬರಹದಲ್ಲಿ ಹೊಲಿಗೆಯ ಹೆಸರು ಹೇಳಿ.

## ಹಂತ 3: ಫೋಟೋ ತೆಗೆಯುವುದು

ಈ ಹಂತಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಇಲ್ಲಿ ಕೆಟ್ಟದ್ದನ್ನು ಮುಂದೆ ಯಾವ ಆ್ಯಪ್ ಕೂಡ ಸರಿಪಡಿಸುವುದಿಲ್ಲ.

3.1 ಲೆನ್ಸ್ ಒರೆಸಿ. ಅಡುಗೆಮನೆಯ ಎಣ್ಣೆಯ ಬೆರಳು ತಾಗಿದ ಲೆನ್ಸ್ ಎಲ್ಲ ಚಿತ್ರಗಳಿಗೂ ಮಂಜಿನ ಪರದೆ ಹೊದಿಸುತ್ತದೆ. ‘ನನ್ನ ಫೋನ್ ಹಳೆಯದು’ ಎಂದು ದೂರುವ ಮೊದಲು ಒರೆಸಿ ನೋಡಿ.

3.2 ಬೆಳಕು ಒಂದೇ ಕಡೆಯಿಂದ, ಒಂದೇ ಬಗೆಯದು. ಕಿಟಕಿಯ ಪಕ್ಕ ಬಟ್ಟೆ ಹಾಸಿ, ಮನೆಯ ದೀಪಗಳನ್ನು ಆರಿಸಿ. ಕಿಟಕಿಯ ಬೆಳಕಿಗೆ ನೀಲಿ ಛಾಯೆ, ಹಳದಿ ಬಲ್ಬಿಗೆ ಕಿತ್ತಳೆ ಛಾಯೆ ಇರುತ್ತದೆ. ಎರಡೂ ಸೇರಿದರೆ ಫೋನ್ ಗಲಿಬಿಲಿಗೊಂಡು ಒಂದು ಫೋಟೋದಲ್ಲಿ ಬಿಳಿ ದಾರವನ್ನು ಹಳದಿಯಾಗಿ, ಇನ್ನೊಂದರಲ್ಲಿ ನೀಲಿಯಾಗಿ ತೋರಿಸುತ್ತದೆ. ಒಂದೊಂದಾಗಿ ನೋಡುವಾಗ ಗೊತ್ತಾಗದ ಈ ವ್ಯತ್ಯಾಸ ಕೊಲಾಜ್‌ನಲ್ಲಿ ಅಕ್ಕಪಕ್ಕ ಬಂದಾಗ ಕಣ್ಣಿಗೆ ರಾಚುತ್ತದೆ. ಕಿಟಕಿಯ ಎದುರು ಬದಿಗೆ ಬಿಳಿ ಡ್ರಾಯಿಂಗ್ ಹಾಳೆಯನ್ನು ನೆಟ್ಟಗೆ ನಿಲ್ಲಿಸಿದರೆ ಆ ಕಡೆಯ ನೆರಳು ತಿಳಿಯಾಗುತ್ತದೆ.

ಉಬ್ಬು ಇರುವ ಕೆಲಸಕ್ಕೆ, ಅಂದರೆ ಮಣಿ, ಜರಿ, ಆರಿ ಕೆಲಸಕ್ಕೆ, ಬೆಳಕು ಓರೆಯಾಗಿ ಪಕ್ಕದಿಂದ ಬೀಳಬೇಕು. ನೇರ ಮೇಲಿನಿಂದ ಬಿದ್ದರೆ ಉಬ್ಬು ಸತ್ತುಹೋಗುತ್ತದೆ. ರಂಗೋಲಿಗೂ ಇದೇ ಮಾತು: ಬೆಳಗಿನ ಎಳೆಬಿಸಿಲಿನಲ್ಲಿ ಪುಡಿಯ ಗೆರೆ ಎದ್ದು ಕಾಣುತ್ತದೆ, ನಡುಹಗಲಿನಲ್ಲಿ ಬಳಿದ ಬಣ್ಣದಂತೆ ಚಪ್ಪಟೆಯಾಗುತ್ತದೆ. ಫ್ಲ್ಯಾಶ್ ಯಾವುದಕ್ಕೂ ಬೇಡ. ಜರಿಯ ಮೇಲೆ ಅದು ಬಿಳಿ ಚುಕ್ಕೆಯಾಗಿ ಸಿಡಿಯುತ್ತದೆ.

3.3 ಫೋನ್ ಬಟ್ಟೆಗೆ ಸಮಾನಾಂತರವಾಗಿರಲಿ. ಕಸೂತಿ ಚೌಕಗಳ ಲೆಕ್ಕದ ಕಲೆ. ಫೋನ್ ಸ್ವಲ್ಪ ವಾಲಿದರೂ ಗೋಪುರ ಸೊಟ್ಟಗಾಗುತ್ತದೆ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಗೆರೆಗಳನ್ನು ಚಾಲೂ ಮಾಡಿ, ‘ಲೆವೆಲ್’ ಎಂಬ ಆಯ್ಕೆ ಬೇರೆಯಾಗಿ ಇದ್ದರೆ ಅದನ್ನೂ. ಐಫೋನ್‌ನಲ್ಲಿ ಮತ್ತು ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ನೇರ ಕೆಳಗೆ ಹಿಡಿದಾಗ ನಡುವೆ ಎರಡು ಗುರುತುಗಳು ಮೂಡುತ್ತವೆ. ಅವು ಒಂದರ ಮೇಲೊಂದು ಕೂತಾಗ ಕ್ಲಿಕ್ ಮಾಡಿ. ನಿಮ್ಮದೇ ನೆರಳು ಬೀಳುತ್ತಿದ್ದರೆ ಬಟ್ಟೆಯನ್ನು ಗೋಡೆಗೆ ಗುಂಡುಪಿನ್ನಿನಿಂದ ಸಿಕ್ಕಿಸಿ, ಎದುರಿಗೆ ನಿಂತು ತೆಗೆಯಿರಿ.

3.4 ಜೂಮ್ ಮಾಡಬೇಡಿ, ಹತ್ತಿರ ಹೋಗಿ. ಬೆರಳಿನಲ್ಲಿ ಹಿಗ್ಗಿಸಿದರೆ ಹೆಚ್ಚಿನ ಫೋನ್‌ಗಳು ಚಿತ್ರವನ್ನು ಕತ್ತರಿಸಿ ದೊಡ್ಡದು ಮಾಡುತ್ತವೆಯೇ ಹೊರತು ಹೊಸ ವಿವರ ಸೇರಿಸುವುದಿಲ್ಲ. ತೀರ ಹತ್ತಿರ ಹೋಗಿ ಫೋಕಸ್ ಸಿಗದಿದ್ದರೆ ಮಸುಕು ಹೋಗುವವರೆಗೆ ಹಿಂದೆ ಸರಿಯಿರಿ, ಆಮೇಲೆ ಕತ್ತರಿಸಿಕೊಳ್ಳಬಹುದು.

3.5 ಫೋಕಸ್ ಮತ್ತು ಬೆಳಕನ್ನು ಬೀಗ ಹಾಕಿ. ಹೊಲಿಗೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಫೋಕಸ್ ಅಲ್ಲಿಯೇ ನಿಲ್ಲುತ್ತದೆ. ನಂತರ ಪಕ್ಕದ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಚಿತ್ರ ಕತ್ತಲಾಗುತ್ತದೆ, ಮೇಲೆ ಎಳೆದರೆ ಬೆಳಗುತ್ತದೆ. ಇಳಕಲ್ ಸೆರಗಿನ ಕೆಂಪು, ಕುಂಕುಮ ಬಣ್ಣ, ಕಡುಗುಲಾಬಿ ರೇಷ್ಮೆ ಇವೆಲ್ಲ ಫೋನ್‌ಗೆ ಕಷ್ಟದ ಬಣ್ಣಗಳು. ಎಳೆ, ನೇಯ್ಗೆ ಎಲ್ಲ ಮುಳುಗಿ ಒಂದೇ ಕೆಂಪು ಬಳಿದಂತಾಗುತ್ತದೆ. ಅಂಥಲ್ಲಿ ಬೆಳಕನ್ನು ಒಂದು ಚೂರು ಇಳಿಸಿ. ಕಪ್ಪು ಚಂದ್ರಕಾಳಿ ಸೀರೆಗೆ ತದ್ವಿರುದ್ಧ ತೊಂದರೆ: ಫೋನ್ ಕಪ್ಪನ್ನು ಬೂದಿಯಾಗಿಸಲು ಹವಣಿಸುತ್ತದೆ. ಅಲ್ಲಿಯೂ ಮದ್ದು ಒಂದೇ, ಬೆಳಕು ಇಳಿಸುವುದು.

3.6 ಅಳತೆಗೆ ಟೇಪು ಇಡಿ, ನಾಣ್ಯ ಬೇಡ. ಒಂದು ರೂಪಾಯಿ ನಾಣ್ಯದ ಗಾತ್ರ ಹಲವು ಸಲ ಬದಲಾಗಿದೆ. ಮುಂಬೈಯಲ್ಲೋ ದುಬೈಯಲ್ಲೋ ಕುಳಿತ ನೆಂಟರಿಗೆ ನಿಮ್ಮ ನಾಣ್ಯ ಯಾವುದೆಂದು ತಿಳಿಯದು. ಟೇಪಿನ ಸೆಂಟಿಮೀಟರ್ ಬದಿ ಎಲ್ಲರಿಗೂ ಒಂದೇ.

ಎಚ್ಚರಿಕೆಯ ಗುರುತು: ಸಣ್ಣ ಚೌಕಳಿ ಅಥವಾ ಒತ್ತು ನೇಯ್ಗೆಯ ಬಟ್ಟೆಯ ಮೇಲೆ ಪರದೆಯಲ್ಲಿ ಅಲೆಅಲೆಯಾದ ಕಾಮನಬಿಲ್ಲಿನ ಗೆರೆಗಳು ಕಂಡರೆ ನಿಲ್ಲಿಸಿ. ಬಟ್ಟೆಯ ಎಳೆಗಳೂ ಕ್ಯಾಮೆರಾದ ಚುಕ್ಕಿಗಳೂ ಒಂದಕ್ಕೊಂದು ತಾಕಲಾಡಿದಾಗ ಹೀಗಾಗುತ್ತದೆ. ಕೊಲಾಜ್‌ನಲ್ಲಿ ಚಿತ್ರ ಕಿರಿದಾದಾಗ ಅದು ಇನ್ನೂ ಹೆಚ್ಚುತ್ತದೆ. ದೂರವನ್ನೋ ಕೋನವನ್ನೋ ಸ್ವಲ್ಪ ಬದಲಿಸಿ ಮತ್ತೆ ತೆಗೆಯಿರಿ.

## ಹಂತ 4: ಆರಿಸುವುದು, ಬಿಡುವುದು

ಗ್ಯಾಲರಿಯಲ್ಲಿ ಹೊಸ ಆಲ್ಬಂ ಒಂದನ್ನು ಮಾಡಿ, ಅದಕ್ಕೆ ಕೆಲಸದ ಹೆಸರಿಡಿ, ಪಟ್ಟಿಯ ಪ್ರತಿ ಸಾಲಿಗೆ ಒಂದೇ ಒಂದು ಫೋಟೋ ಹಾಕಿ. ಒಂದೇ ನವಿಲಿನ ಎರಡು ಫೋಟೋ ಇಷ್ಟವಾದರೂ ಒಂದನ್ನು ಬಿಡಲೇಬೇಕು.

ಎಷ್ಟು ಫೋಟೋ ಹಿಡಿಯುತ್ತವೆ ಎಂಬುದನ್ನು ಆಸೆಯಿಂದಲ್ಲ, ಲೆಕ್ಕದಿಂದ ನಿರ್ಧರಿಸಿ. ಇನ್‌ಸ್ಟಾಗ್ರಾಂನಲ್ಲಿ ಚಿತ್ರದ ಅಗಲ ಸಾಮಾನ್ಯವಾಗಿ 1080 ಪಿಕ್ಸೆಲ್ (ಚಿತ್ರದ ಅತಿ ಸಣ್ಣ ಚುಕ್ಕಿಗಳು). ಮೂರು ಸಾಲು, ಮೂರು ಕಂಬದ ಒಂಬತ್ತು ಖಾನೆಗಳ ಕೊಲಾಜ್ ಮಾಡಿದರೆ ಒಂದೊಂದಕ್ಕೆ ಸಿಗುವುದು 360 ಪಿಕ್ಸೆಲ್ ಅಗಲ. ಏಳು ಸೆಂಟಿಮೀಟರ್ ಅಗಲದ ಫೋನ್ ಪರದೆಯಲ್ಲಿ ಅದು ಸುಮಾರು ಎರಡೂಕಾಲು ಸೆಂಟಿಮೀಟರ್ ಆಗುತ್ತದೆ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ಅಷ್ಟು ಜಾಗದೊಳಗೆ ಇಡೀ ಸೆರಗನ್ನು ಇಟ್ಟರೆ ಕಸೂತಿ ಕಾಣುವುದಿಲ್ಲ, ಬಣ್ಣದ ಧೂಳು ಕಾಣುತ್ತದೆ.

ನನ್ನ ನಿಯಮ: ಹೊಲಿಗೆ ಕಾಣಬೇಕಾದರೆ ಮೂರು, ಹೆಚ್ಚೆಂದರೆ ನಾಲ್ಕು ಫೋಟೋ. ಬಣ್ಣಗಳ ಆಯ್ಕೆ ಮಾತ್ರ ತೋರಿಸಬೇಕಾದರೆ ಆರು. ಒಂಬತ್ತು ಯಾವ ಕೈಕೆಲಸಕ್ಕೂ ಬೇಡ.

## ಹಂತ 5: ಅಳತೆ ಮೊದಲು, ಆ್ಯಪ್ ಆಮೇಲೆ

ಎಲ್ಲಿ ಹಂಚುತ್ತೀರಿ ಎಂಬುದರ ಮೇಲೆ ಕೊಲಾಜ್‌ನ ಆಕಾರ ನಿಂತಿದೆ. ಇದನ್ನು ಕೊನೆಯಲ್ಲಿ ಬದಲಿಸಲು ಹೋದರೆ ಎಲ್ಲ ಖಾನೆಗಳೂ ಮತ್ತೆ ಕತ್ತರಿಸಲ್ಪಟ್ಟು, ಗೋಪುರದ ಕಳಶ ಹೊರಗುಳಿಯುತ್ತದೆ.

ವಾಟ್ಸ್‌ಆ್ಯಪ್ ಸ್ಟೇಟಸ್ ಮತ್ತು ಇನ್‌ಸ್ಟಾಗ್ರಾಂ ಸ್ಟೋರಿಗೆ ಪರದೆ ತುಂಬುವ 9:16 ಅನುಪಾತ (ಅಗಲ:ಎತ್ತರ), ಅಂದರೆ 1080 × 1920 ಪಿಕ್ಸೆಲ್. ಮೇಲೆ ಮತ್ತು ಕೆಳಗೆ ಸುಮಾರು 250 ಪಿಕ್ಸೆಲ್ ಜಾಗವನ್ನು ಖಾಲಿ ಬಿಡಿ. ಹೆಸರು, ಉತ್ತರಿಸುವ ಪಟ್ಟಿ, ಅಡಿಬರಹ ಬಂದು ಕೂರುವುದು ಅಲ್ಲಿಯೇ.

ಇನ್‌ಸ್ಟಾಗ್ರಾಂ ಪೋಸ್ಟ್‌ಗೆ ಮತ್ತು ವಾಟ್ಸ್‌ಆ್ಯಪ್ ಗುಂಪಿಗೆ 4:5, ಅಂದರೆ 1080 × 1350. ಒಂದು ಬದಲಾವಣೆ ಗಮನಿಸಿ: 2025ರ ಜನವರಿಯಿಂದ ಇನ್‌ಸ್ಟಾಗ್ರಾಂ ಪ್ರೊಫೈಲ್ ಪುಟದಲ್ಲಿ ಚೌಕಗಳ ಬದಲು 3:4ರ ಉದ್ದನೆಯ ಆಯತಗಳು ಕಾಣುತ್ತಿವೆ. ಹಳೆಯ ಅಭ್ಯಾಸದಂತೆ ಚೌಕದ ಕೊಲಾಜ್ ಹಾಕಿದರೆ ಪ್ರೊಫೈಲ್ ಪುಟದಲ್ಲಿ ಅದರ ಅಗಲದ ಕಾಲು ಭಾಗ ಮರೆಯಾಗುತ್ತದೆ. ಬದಿಯ ಖಾನೆಗಳು ಅರ್ಧಂಬರ್ಧ ಕಾಣಲು ಕಾರಣ ಇದೇ.

ನಾನು ಎಲ್ಲರಿಗೂ ಮೊದಲು ಮಾಡಿ ನೋಡಲು ಹೇಳುವ ವಿನ್ಯಾಸ ಒಂದಿದೆ. 1080 × 1350ರ ಹಾಳೆಯಲ್ಲಿ ಮೇಲೆ 1080 × 810ರ ಒಂದು ದೊಡ್ಡ ಖಾನೆ, ಕೆಳಗೆ 540 × 540ರ ಎರಡು ಚೌಕ. 1080 × 810 ಎಂದರೆ 4:3, ಹೆಚ್ಚಿನ ಫೋನ್ ಕ್ಯಾಮೆರಾಗಳ ಸಹಜ ಅಳತೆ. ಫೋನ್ ಅಡ್ಡ ಹಿಡಿದು ತೆಗೆದ ಫೋಟೋ ಒಂದಿಷ್ಟೂ ಕತ್ತರಿಸದೆ ಅಲ್ಲಿ ಕೂರುತ್ತದೆ. ಮೇಲೆ ಇಡೀ ಕೆಲಸ, ಕೆಳಗೆ ಎಡಕ್ಕೆ ಟೇಪಿನ ಜೊತೆ ಸಮೀಪದ ನೋಟ, ಬಲಕ್ಕೆ ಹಿಂಬದಿ. ‘ಇದು ಕೈಯದೇ?’ ಎಂಬ ಪ್ರಶ್ನೆಗೆ ಇದಕ್ಕಿಂತ ಪೂರ್ಣವಾದ ಉತ್ತರ ನನಗೆ ತಿಳಿದಿಲ್ಲ. ಹಂತಗಳನ್ನು ತೋರಿಸಬೇಕಾದರೆ ಅದೇ ಹಾಳೆಯನ್ನು 540 × 675ರ ನಾಲ್ಕು ಖಾನೆಗಳಾಗಿ ಮಾಡಿ.

ಈಗ ಆ್ಯಪ್. ಹೊಸದನ್ನು ಇಳಿಸಿಕೊಳ್ಳುವ ಮೊದಲು ಫೋನ್‌ನಲ್ಲಿ ಇರುವುದನ್ನು ನೋಡಿ. ಗೂಗಲ್ ಫೋಟೋಸ್‌ನಲ್ಲಿ ಮತ್ತು ಸ್ಯಾಮ್‌ಸಂಗ್ ಗ್ಯಾಲರಿಯಲ್ಲಿ ಫೋಟೋಗಳನ್ನು ಆರಿಸಿ ಕೊಲಾಜ್ ಮಾಡುವ ಸೌಲಭ್ಯ ಒಳಗೇ ಇದೆ, ಆರು ಫೋಟೋಗಳವರೆಗೆ. ಅಕ್ಷರ ಬೇಡ, ನೇರ ಕೊಲಾಜ್ ಸಾಕು ಎನ್ನುವವರಿಗೆ ಇವೇ ಸರಿ. ಇನ್‌ಸ್ಟಾಗ್ರಾಂ ಸಂಸ್ಥೆಯದೇ ಆದ ಲೇಔಟ್ ಆ್ಯಪ್ 2015ರಲ್ಲಿ ಬಂತು, ಸ್ಟೋರಿಯ ಕ್ಯಾಮೆರಾದಲ್ಲಿಯೂ ಅಂಥ ಸೌಲಭ್ಯವಿದೆ. ಖಾನೆಗಳ ಅಳತೆಯನ್ನು ನೀವೇ ಇಟ್ಟುಕೊಂಡು ಕನ್ನಡದಲ್ಲಿ ಹೆಸರು ಬರೆಯಬೇಕಾದರೆ ಕ್ಯಾನ್ವಾ ಅನುಕೂಲ, ಮೇಲೆ ಹೇಳಿದ ವಿನ್ಯಾಸಕ್ಕೆ ನಾನು ಸೂಚಿಸುವುದು ಅದನ್ನೇ. ಪಿಕ್‌ಕೊಲಾಜ್ ಸ್ಟಿಕರ್, ಹಿನ್ನೆಲೆಗಳಿಂದ ತುಂಬಿದೆ. ಮಕ್ಕಳ ಚಿತ್ರಕಲೆಗೆ ಚೆನ್ನ, ಕಸೂತಿಯಂಥ ಸೂಕ್ಷ್ಮ ಕೆಲಸಕ್ಕೆ ಅದರ ಅಲಂಕಾರವೇ ಅಡ್ಡಿ.

ಎಚ್ಚರಿಕೆಯ ಗುರುತುಗಳು: ಕೊಲಾಜ್ ಆ್ಯಪ್‌ಗೆ ನಿಮ್ಮ ಸಂಪರ್ಕಗಳ ಪಟ್ಟಿಯಾಗಲಿ, ಕರೆ, ಸಂದೇಶಗಳಾಗಲಿ ಬೇಕಿಲ್ಲ. ಅವಕ್ಕೆ ಅನುಮತಿ ಕೇಳಿದರೆ ಅಂಥ ಆ್ಯಪ್ ತೆಗೆದುಹಾಕಿ. ಆಂಡ್ರಾಯ್ಡ್ 14ರಿಂದ ಮತ್ತು ಐಒಎಸ್ 14ರಿಂದ ಇಡೀ ಗ್ಯಾಲರಿಯ ಬದಲು ಆರಿಸಿದ ಫೋಟೋಗಳನ್ನು ಮಾತ್ರ ಆ್ಯಪ್‌ಗೆ ತೋರಿಸುವ ಆಯ್ಕೆ ಇದೆ, ಅದನ್ನೇ ಒತ್ತಿ. ಇನ್ನೊಂದು: ಕೆಲಸ ಪೂರ್ತಿಯಾದ ಮೇಲೆ ‘ಉಳಿಸಲು ಹಣ ಕೊಡಿ’ ಎನ್ನುವ ಅಥವಾ ಮೂಲೆಯಲ್ಲಿ ತನ್ನ ಮುದ್ರೆ ಹಾಕುವ ಆ್ಯಪ್‌ಗಳಿವೆ. ಮೊದಲು ಯಾವುದಾದರೂ ಎರಡು ಫೋಟೋ ಹಾಕಿ, ಉಳಿಸಿ, ಗ್ಯಾಲರಿಯಲ್ಲಿ ತೆರೆದು ನೋಡಿ. ಎರಡು ನಿಮಿಷದ ಈ ಪರೀಕ್ಷೆ ಒಂದು ಸಂಜೆಯನ್ನು ಉಳಿಸುತ್ತದೆ.

## ಹಂತ 6: ಖಾನೆಗಳಲ್ಲಿ ಕೂರಿಸುವುದು

ಕೆಲವು ಆ್ಯಪ್‌ಗಳು ನೀವು ಮುಟ್ಟಿದ ಕ್ರಮದಲ್ಲಿ ಫೋಟೋಗಳನ್ನು ತುಂಬುತ್ತವೆ, ಕೆಲವು ತಮ್ಮದೇ ಕ್ರಮದಲ್ಲಿ. ಆದ್ದರಿಂದ ತುಂಬಿದ ಕೂಡಲೇ ಕ್ರಮ ಪರಿಶೀಲಿಸಿ. ಸಾಮಾನ್ಯವಾಗಿ ಒಂದು ಫೋಟೋವನ್ನು ಒತ್ತಿ ಹಿಡಿದು ಇನ್ನೊಂದರ ಮೇಲೆ ಎಳೆದರೆ ಎರಡೂ ಜಾಗ ಬದಲಿಸಿಕೊಳ್ಳುತ್ತವೆ.

ನಾವು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಓದುವವರು. ಹಂತಗಳ ಕೊಲಾಜ್‌ನಲ್ಲಿ ಮೊದಲ ಹಂತ ಮೇಲೆ ಎಡಕ್ಕೆ, ಎರಡನೆಯದು ಮೇಲೆ ಬಲಕ್ಕೆ, ಮೂರನೆಯದು ಕೆಳಗೆ ಎಡಕ್ಕೆ. ಕಂಬದಂತೆ ಮೇಲಿನಿಂದ ಕೆಳಗೆ ಜೋಡಿಸಿದರೆ ಅರ್ಧ ಗೆರೆ ಪೂರ್ತಿ ಗೆರೆಯ ನಂತರ ಬಂದಂತಾಗಿ ನೋಡುವವರು ಗೊಂದಲಕ್ಕೆ ಬೀಳುತ್ತಾರೆ.

ಪ್ರತಿ ಖಾನೆಯೊಳಗೆ ಎರಡು ಬೆರಳಿನಿಂದ ಹಿಗ್ಗಿಸಿ, ಸರಿಸಿ. ಮಾಡಬೇಕಾದದ್ದು ಇಷ್ಟೆ: ಹೊಲಿಗೆ ಖಾನೆಯ ಅಂಚಿಗೆ ತಾಗದಿರಲಿ, ಒಂದೇ ನಕ್ಷೆಯ ಮುಂಬದಿ ಮತ್ತು ಹಿಂಬದಿ ಒಂದೇ ಗಾತ್ರದಲ್ಲಿ ಕಾಣಲಿ, ಗೆರೆಗಳು ವಾಲದೆ ನೆಟ್ಟಗಿರಲಿ. ಎರಡನೆಯದನ್ನು ಬಹಳ ಮಂದಿ ಗಮನಿಸುವುದಿಲ್ಲ. ಮುಂಬದಿಯ ನವಿಲು ದೊಡ್ಡದಾಗಿ, ಹಿಂಬದಿಯದು ಚಿಕ್ಕದಾಗಿ ಕಂಡರೆ ಹೋಲಿಸಲು ಆಗುವುದಿಲ್ಲ. ಆಗ ಹಿಂಬದಿ ತೋರಿಸಿದ್ದೂ ವ್ಯರ್ಥ.

ಖಾನೆಗಳ ನಡುವಿನ ಪಟ್ಟಿ ತೆಳ್ಳಗಿರಲಿ, 1080 ಅಗಲದ ಹಾಳೆಗೆ 10ರಿಂದ 16 ಪಿಕ್ಸೆಲ್ ಸಾಕು. ಬಣ್ಣ ಬಿಳಿ ಅಥವಾ ಹಾಲಿನ ಕೆನೆಯದು. ಬಿಳಿ ಬಟ್ಟೆಯ ಕೆಲಸಕ್ಕೆ ಮಾತ್ರ ಕಡುಬೂದಿ. ದುಂಡು ಮೂಲೆ, ಹೃದಯದಾಕಾರ, ಹೂವಿನ ಚೌಕಟ್ಟು, ಮಿನುಗು ಯಾವುದೂ ಬೇಡ. ನಿಮ್ಮ ಕೆಲಸವೇ ಅಲಂಕಾರ. ಅದರ ಸುತ್ತ ಇನ್ನೊಬ್ಬರ ಸಿದ್ಧ ಅಲಂಕಾರ ಹಾಕಿದರೆ ಕಣ್ಣು ಅದನ್ನೇ ಮೊದಲು ನೋಡುತ್ತದೆ.

ಫಿಲ್ಟರ್ ಕೂಡ ಬೇಡ. ಬಣ್ಣ ತಿದ್ದಲೇಬೇಕೆಂದರೆ ಬಟ್ಟೆಯನ್ನು ಪಕ್ಕದಲ್ಲಿಟ್ಟುಕೊಂಡು, ಅದಕ್ಕೆ ಹೊಂದುವವರೆಗೆ ಮಾತ್ರ ತಿದ್ದಿ. ಪಚ್ಚೆ ಸೀರೆ ಪರದೆಯಲ್ಲಿ ನವಿಲುಬಣ್ಣವಾಗಿ ಕಂಡು, ಅದನ್ನೇ ನಂಬಿ ಕೊಂಡವರು ಹಿಂದಿರುಗಿಸಿದರೆ ನಷ್ಟ ನಿಮ್ಮದೇ.

## ಹಂತ 7: ಕನ್ನಡ ಅಕ್ಷರ ಸೇರಿಸುವುದು

ಕೊಲಾಜ್ ಒಳಗೆ ಬರೆಯುವುದು ಐದಾರು ಪದ ಮೀರದಿರಲಿ: ‘ಗವಂತಿ, ಮುಂಬದಿ’, ‘ಹಿಂಬದಿ’, ‘12 ಸೆಂ.ಮೀ.’ ಅಷ್ಟೆ. ಬೆಲೆ, ವಿಳಾಸ, ಕಥೆ ಎಲ್ಲ ಅಡಿಬರಹಕ್ಕೆ. ಬೆಲೆ ಬದಲಾದಾಗ ಅಡಿಬರಹ ತಿದ್ದಬಹುದು, ಚಿತ್ರ ತಿದ್ದಲು ಎಲ್ಲವನ್ನೂ ಮೊದಲಿಂದ ಮಾಡಬೇಕು.

ಕನ್ನಡ ಅಕ್ಷರದಲ್ಲಿ ಬರುವ ತೊಂದರೆಗೆ ಒಂದು ಪರೀಕ್ಷೆಯಿದೆ. ಮೊದಲು ‘ಸ್ತ್ರೀ, ವರ್ಣ, ಕುಚ್ಚು, ಶಾಸ್ತ್ರ’ ಎಂದು ಟೈಪ್ ಮಾಡಿ ನೋಡಿ. ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತರೆ, ಅರ್ಕಾವೊತ್ತು ತಪ್ಪು ಜಾಗಕ್ಕೆ ಹೋದರೆ, ಆ ಫಾಂಟ್ ಅಥವಾ ಆ ಆ್ಯಪ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತಿಲ್ಲ ಎಂದರ್ಥ. ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಈ ಮೂರು ಯುನಿಕೋಡ್ ಫಾಂಟ್‌ಗಳಲ್ಲಿ ಒಂದನ್ನು ಆರಿಸಿ ನೋಡಿ. ಖಾಲಿ ಚೌಕಗಳು ಮಾತ್ರ ಕಂಡರೆ ಆ ಫಾಂಟ್‌ನಲ್ಲಿ ಕನ್ನಡವೇ ಇಲ್ಲ. ಕಂಪ್ಯೂಟರ್‌ನಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಬರೆದಿಟ್ಟದ್ದನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಅದನ್ನು ಸರಿಪಡಿಸುತ್ತ ಕೂರಬೇಡಿ, ಫೋನ್‌ನ ಕನ್ನಡ ಕೀಲಿಮಣೆಯಲ್ಲಿ ಹೊಸದಾಗಿ ಟೈಪ್ ಮಾಡಿ.

ಅಕ್ಷರವನ್ನು ಹೊಲಿಗೆಯ ಮೇಲೆ ಇಡಬೇಡಿ. ಖಾನೆಯ ಕೆಳಗೆ ಬಟ್ಟೆ ಖಾಲಿ ಇರುವ ಜಾಗ ಸಿಗದಿದ್ದರೆ, ಹಾಳೆಯ ಅಡಿಯಲ್ಲಿ ಒಂದು ಬಿಳಿ ಪಟ್ಟಿ ಬಿಟ್ಟು ಅಲ್ಲಿ ಬರೆಯಿರಿ.

## ಹಂತ 8: ಉಳಿಸುವುದು

ಸ್ಕ್ರೀನ್‌ಶಾಟ್ ತೆಗೆಯಬೇಡಿ. ಆ್ಯಪ್ ಹಣ ಕೇಳಿತೆಂದೋ ಉಳಿಸುವ ಗುಂಡಿ ಸಿಗಲಿಲ್ಲವೆಂದೋ ಸ್ಕ್ರೀನ್‌ಶಾಟ್ ತೆಗೆದು ಹಂಚುವುದು ಅತಿ ಸಾಮಾನ್ಯ ತಪ್ಪು. ಪರದೆಯಲ್ಲಿ ಕಾಣುವ ಕಿರಿದಾದ ರೂಪವಷ್ಟೇ ಅದರಲ್ಲಿ ಸಿಗುತ್ತದೆ, ಮೇಲೆ ಬ್ಯಾಟರಿಯ ಗುರುತೂ ಸೇರಿ.

ಕಡತದ ರೂಪ: ಬರೀ ಫೋಟೋ ಇದ್ದರೆ ಜೆಪೆಗ್ (JPEG), ಅತ್ಯುತ್ತಮ ಗುಣಮಟ್ಟ. ಅಕ್ಷರ ಇದ್ದರೆ ಪಿಎನ್‌ಜಿ (PNG), ಅಕ್ಷರದ ಅಂಚು ಚೊಕ್ಕವಾಗಿರುತ್ತದೆ. ಉಳಿಸಿದ್ದನ್ನು ಗ್ಯಾಲರಿಯಲ್ಲಿ ತೆರೆದು, ಫೋನನ್ನು ಕೈಯಳತೆಯ ದೂರದಲ್ಲಿ ಹಿಡಿದು, ಹಿಗ್ಗಿಸದೆ ನೋಡಿ. ಹೊಲಿಗೆ ಹೊಲಿಗೆಯಾಗಿಯೇ ಕಂಡರೆ ಮುಂದೆ ಹೋಗಿ. ಕಾಣದಿದ್ದರೆ ಒಂದು ಫೋಟೋ ಕಡಿಮೆ ಮಾಡಿ, ಆರನೆಯ ಹಂತಕ್ಕೆ ಹಿಂದಿರುಗಿ. ಹೊಳಪು, ಮೊನಚು ಹೆಚ್ಚಿಸುವ ಗುಂಡಿಗಳನ್ನು ಒತ್ತಿ ಪ್ರಯೋಜನವಿಲ್ಲ.

## ಹಂತ 9: ಹಂಚುವುದು

ವಾಟ್ಸ್‌ಆ್ಯಪ್ ಚಿತ್ರಗಳನ್ನು ಕುಗ್ಗಿಸಿ ಕಳಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಂಗ್ರಹಣೆ ಮತ್ತು ಡೇಟಾ ವಿಭಾಗಕ್ಕೆ ಹೋಗಿ, ಮಾಧ್ಯಮದ ಗುಣಮಟ್ಟವನ್ನು ಎಚ್‌ಡಿ ಮಾಡಿಕೊಳ್ಳಿ, ಅಥವಾ ಕಳಿಸುವಾಗ ಮೇಲೆ ಕಾಣುವ ಎಚ್‌ಡಿ ಗುರುತನ್ನು ಒತ್ತಿ. ಅಂಗಡಿಗೋ ಮುದ್ರಣಕ್ಕೋ ಕಳಿಸುವಾಗ ಡಾಕ್ಯುಮೆಂಟ್ ಆಗಿ ಲಗತ್ತಿಸಿ, ಆಗ ಕಡತ ಕುಗ್ಗುವುದಿಲ್ಲ. ಗೆಳತಿಗೆ ಕಳಿಸಿದ ಕೊಲಾಜನ್ನು ಅವರಿಂದ ಮತ್ತೆ ಪಡೆದು ಇನ್ನೊಂದು ಗುಂಪಿಗೆ ಹಾಕುವ ಅಭ್ಯಾಸ ಬಿಡಿ, ಪ್ರತಿ ಸಲವೂ ಗ್ಯಾಲರಿಯ ಮೂಲ ಕಡತದಿಂದಲೇ ಕಳಿಸಿ.

ಡಾಕ್ಯುಮೆಂಟ್ ಆಗಿ ಕಳಿಸುವಾಗ ಒಂದು ಎಚ್ಚರ ಬೇಕು. ಕ್ಯಾಮೆರಾದ ಮೂಲ ಫೋಟೋದೊಳಗೆ ತೆಗೆದ ಸ್ಥಳದ ಗುರುತು ಇರಬಹುದು, ಎಂದರೆ ನಿಮ್ಮ ಮನೆಯ ಜಾಗ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಸ್ಥಳ ದಾಖಲಿಸುವ ಆಯ್ಕೆಯನ್ನು ಆಫ್ ಮಾಡಿಬಿಡಿ.

ಸ್ಟೇಟಸ್ 24 ಗಂಟೆಗಳಲ್ಲಿ ಅಳಿಯುತ್ತದೆ. ಹಾಗಾಗಿ ಅದು ‘ಇಂದು ಮುಗಿಸಿದೆ’ ಎಂದು ತಿಳಿಸಲು ಸರಿ, ಕೆಲಸದ ದಾಖಲೆಗೆ ಸಾಲದು. ಇನ್‌ಸ್ಟಾಗ್ರಾಂನಲ್ಲಿ ಹಾಕುವಾಗ ಸುಧಾರಿತ ಸೆಟ್ಟಿಂಗ್ಸ್ ಒಳಗೆ ಚಿತ್ರದ ವಿವರಣೆ ಬರೆಯುವ ಜಾಗವಿದೆ. ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳುತ್ತದೆ. ‘ಕಪ್ಪು ಸೀರೆಯ ಮೇಲೆ ಬಿಳಿ ದಾರದ ಗೋಪುರ, ಪಕ್ಕದಲ್ಲಿ ಅದರ ಹಿಂಬದಿ’ ಎಂದು ಒಂದು ಸಾಲು ಬರೆಯಿರಿ. ಅವರಿಗೂ ನಿಮ್ಮ ಕೆಲಸ ತಲುಪಬೇಕು.

## ಹಾಕುವ ಗುಂಡಿ ಒತ್ತುವ ಮೊದಲು

ಬೇರೆಯವರ ಸೀರೆ, ರವಿಕೆ ಆಗಿದ್ದರೆ ಅವರನ್ನು ಕೇಳಿ. ಮದುವೆಯ ರವಿಕೆಗಳ ಮೇಲೆ ಹುಡುಗ ಹುಡುಗಿಯರ ಹೆಸರು, ದಿನಾಂಕ ಹೊಲಿಸುವ ರೂಢಿ ಈಗ ಹೆಚ್ಚಿದೆ. ಮುಹೂರ್ತಕ್ಕೆ ಮೊದಲೇ ಅದು ಊರಿಗೆಲ್ಲ ಗೊತ್ತಾಗುವುದನ್ನು ಯಾರೂ ಬಯಸುವುದಿಲ್ಲ. ಮದುವೆ ಮುಗಿಯುವವರೆಗೆ ಕಾಯಿರಿ, ಹೆಸರಿನ ಭಾಗವನ್ನು ಕತ್ತರಿಸಿ. ಹಿನ್ನೆಲೆಯಲ್ಲಿ ಮಕ್ಕಳ ಶಾಲೆಯ ಗುರುತಿನ ಚೀಟಿ, ಮನೆಯ ವಿಳಾಸವಿರುವ ಲಕೋಟೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ನಕ್ಷೆ ಇನ್ನೊಬ್ಬರದಾಗಿದ್ದರೆ ಅವರ ಹೆಸರು ಹೇಳಿ.

ಮಾರಾಟಕ್ಕಾಗಿ ಹಂಚುವವರಿಗೆ ಇನ್ನೊಂದು ಮಾತು. ಚಿತ್ರ ನೋಡಿ ‘ಈಗಲೇ ಕೊಳ್ಳುತ್ತೇನೆ’ ಎಂದು ಅಪರಿಚಿತರು ಕ್ಯೂಆರ್ ಕೋಡ್ ಕಳಿಸಿ, ‘ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ಬರುತ್ತದೆ’ ಎಂದರೆ ಅದು ಮೋಸ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಹಾಕಿದರೆ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ.

ಹಂಚಿದ ಮೇಲೆ ಬಿಡಿ ಫೋಟೋಗಳನ್ನು ಅಳಿಸಬೇಡಿ. ಕೊಲಾಜ್‌ನಿಂದ ಮೂಲ ಫೋಟೋವನ್ನು ಮತ್ತೆ ಪಡೆಯಲಾಗದು. ಪ್ರದರ್ಶನಕ್ಕೋ ಪತ್ರಿಕೆಗೋ ಯಾರಾದರೂ ದೊಡ್ಡ ಚಿತ್ರ ಕೇಳಿದಾಗ ಬೇಕಾಗುವುದು ಆ ಮೂಲವೇ. ನಾಲ್ಕನೆಯ ಹಂತದಲ್ಲಿ ಮಾಡಿದ ಆಲ್ಬಂ ಅನ್ನು ಹಾಗೆಯೇ ಇಟ್ಟು, ಕಂಪ್ಯೂಟರ್‌ಗೋ ಮೆಮೊರಿ ಕಾರ್ಡ್‌ಗೋ ಒಂದು ಪ್ರತಿ ತೆಗೆದಿಡಿ.